ಮೂರನೇ ಗೇಟು

ನಿನ್ನ ಕಾದಂಬರಿ ಓದಿ ಮುಗಿಸಿದೆ, ಕರ್ಲಿಗಾಶ್.
ಹನ್ನೊಂದು ರಾತ್ರಿ ಬೇಕಾಯಿತು, ಭೂತಗನ್ನಡಿ ಹಿಡಿದು.
ಶನಿಯ ಬಳೆಗಳಾಚೆ, ಸುವರ್ಣಯುಗದ ಹೆಬ್ಬಾಗಿಲಲ್ಲಿ
ಎವೆಯಿಕ್ಕದೆ ನಿಂತ ನಿನ್ನ ಏಳು ಜನ ವೀರರು
ಚೆನ್ನಾಗಿದ್ದಾರೆ. ಬೆಳಕಿನಲ್ಲಿ ನೇಯ್ದ ಮೇಲಂಗಿ,
ಸಾವಿರ ವರ್ಷಕ್ಕೊಮ್ಮೆಯೂ ಸೀನದ ಮೂಗು.
ಆದರೆ ಮಗೂ, ಇವರು ಉಚ್ಚೆಗೆ ಎಲ್ಲಿಗೆ ಹೋಗುತ್ತಾರೆ?

ನಗಬೇಡ. ಕಾವಲು ಕಾದವನು ಕೇಳುವ ಮೊದಲ ಪ್ರಶ್ನೆ ಅದು.

ನಾನೂ ಒಂದು ಸುವರ್ಣಯುಗವನ್ನು ಕಾದಿದ್ದೇನೆ,
ಹದಿನಾರು ಚಳಿಗಾಲ, ತ್ಯೂರತಾಮಿನ ಬಯಲಲ್ಲಿ,
ಮೂರನೇ ಗೇಟು. ತಂತಿಬೇಲಿ, ಒಂದು ಸೀಟಿ,
ಬಲಗಾಲಿಗೆ ಸ್ವಲ್ಪ ಬಿಗಿಯಾದ ಉಣ್ಣೆಯ ಬೂಟು,
ಮತ್ತು ಬೊರಿಬಾಸರ್, ಒಂದೇ ಕಿವಿಯ ನಾಯಿ.
ಮನುಷ್ಯರು ನಕ್ಷತ್ರಗಳಿಗೆ ಹೊರಟಿದ್ದರು ನನ್ನ ಬೆನ್ನ ಹಿಂದೆ;
ನನ್ನ ಮುಖ ಯಾವಾಗಲೂ ಈ ಕಡೆಗೆ:
ಗಾಳಿ, ಉಪ್ಪುಮಣ್ಣು, ಒಣಗಿದ ಸಕ್ಸೌಲ್ ಗಿಡ.
ಕಾಯುವವನಿಗೆ ಕಾಯುವ ವಸ್ತು ಕಾಣುವುದಿಲ್ಲ.
ಇದನ್ನು ಎಲ್ಲಾದರೂ ಸೇರಿಸಿಕೋ, ಬೇಕಾದರೆ.

ಇನ್ನೂರ ಹನ್ನೆರಡನೇ ಹಾಳೆಯಲ್ಲಿ ನಿನ್ನ ದಳಪತಿ ಓರುವಾನ್
‘ಕಾವಲುಗಾರ ಗೇಟು ಬಿಡುವುದಿಲ್ಲ’ ಎನ್ನುತ್ತಾನೆ.
ಅಲ್ಲಿ ಹಾಳೆ ಕೆಳಗಿಟ್ಟು ಒಲೆಗೆ ಎರಡು ಕೊರಡು ಹಾಕಿದೆ.
ಯಾರಿಗೂ ಹೇಳಿಲ್ಲ. ಕೇಳು.

ಮಾರ್ಚ್ ತಿಂಗಳು. ಆ ರಾತ್ರಿ ದೊಡ್ಡದೊಂದು ಮೇಲೇರಲಿತ್ತು.
ತಂತಿಯಾಚೆ ಒಬ್ಬ ಮುದುಕಿ, ಕೈಯಲ್ಲಿ ಲಾಟೀನು.
ಗುಂಡು ಹಾರಿಸುತ್ತೇನೆ ಎಂದೆ. ಹತ್ತಿರ ಬಂದಳು.
ಇನ್ನೊಮ್ಮೆ ಎಂದೆ. ಇನ್ನೂ ಹತ್ತಿರ ಬಂದು
‘ಆಕಾಶಕ್ಕೆ ಗೇಟು ಹಾಕಿದೋನು ನೀನೇನಾ?’ ಅಂದಳು.
‘ನಿಮ್ಮ ಸೈರನ್ನಿಗೆ ಬೆದರಿ ತುಂಬು ಗಬ್ಬದ ಒಂಟೆ ಓಡಿತು,
ಹಳ್ಳದಲ್ಲಿ ಬಿದ್ದು ನರಳ್ತಿದೆ. ಮರಿ ಎಳೆಯೋ ಶಕ್ತಿ ನನಗಿಲ್ಲ.
ಬಾ.’

ನಿಯಮಗಳ ಪುಸ್ತಕದಲ್ಲಿ ಆ ಪದಕ್ಕೆ ಉತ್ತರವಿರಲಿಲ್ಲ.
ಗೇಟಿಗೆ ನಾಯಿಯನ್ನು ನಿಲ್ಲಿಸಿ ಹೋದೆ.

ಮರಿಯ ಮುಂಗಾಲೆರಡೂ ನನ್ನ ಕೈಯಲ್ಲಿ ಜಾರುತ್ತಿದ್ದವು,
ಮುದುಕಿ ನನ್ನ ಏಳು ತಲೆಮಾರಿನ ಅಜ್ಜಂದಿರನ್ನೂ ಬಯ್ಯುತ್ತಾ
ಎಳಿ, ಎಳಿ, ಅನ್ನುತ್ತಿದ್ದಳು,
ಆಗ ಬೆನ್ನ ಹಿಂದೆ ಹಗಲಾಯಿತು.
ತಿರುಗಲಿಲ್ಲ. ತಿರುಗಿದರೆ ಹಿಡಿತ ತಪ್ಪುತ್ತಿತ್ತು.
ನಮ್ಮ ನೆರಳು ಬಯಲುದ್ದಕ್ಕೂ ಚಾಚಿತು, ನೂರು ಮಾರು:
ಎರಡು ಡುಬ್ಬ, ನಡುವೆ ನನ್ನ ತಲೆ,
ಮೇಲೆತ್ತಿದ ಮುದುಕಿಯ ಕೈ.
ಮತ್ತೆ ಗಿಡ್ಡವಾಗುತ್ತಾ, ಗಿಡ್ಡವಾಗುತ್ತಾ ಕಾಲಬುಡಕ್ಕೆ ಬಂದು
ಅಳಿಸಿಹೋಯಿತು.
ನಾನು ಕಂಡ ಸುವರ್ಣಯುಗ ಅಷ್ಟೆ.
ನೆಲದ ನಡುಕ ನಿಂತ ಮೇಲೆ
ಮರಿ ಸೀನಿತು.

ಸರ್ಕಾರಿ ಕೋಟು ಬಿಚ್ಚಿ ಅದಕ್ಕೆ ಸುತ್ತಿದೆ.
ದಾಖಲೆ ಪುಸ್ತಕದಲ್ಲಿ ‘ವಿಶೇಷವಿಲ್ಲ’ ಎಂದು ಬರೆದೆ.
ಕೋಟಿನ ಬೆಲೆಯನ್ನು ನಾಲ್ಕು ತಿಂಗಳ ಸಂಬಳದಲ್ಲಿ ಮುರಿದುಕೊಂಡರು.
ಮುದುಕಿಯ ಹೆಸರು ಕೇಳುವುದು ಮರೆತಿತ್ತು.
ಬೇಸಿಗೆಯ ಒಂದು ಬೆಳಗ್ಗೆ ತಂತಿಗೆ ತೂಗುಹಾಕಿದ ಚರ್ಮದ ಚೀಲ ಸಿಕ್ಕಿತು,
ಬಾಯಿತನಕ ಒಂಟೆಯ ಹುಳಿಹಾಲು.
ಅರ್ಧ ನಾಯಿಗೆ ಕೊಟ್ಟೆ, ಅದರ ಪಾಲು.

ಕಥೆ ಬದಲಿಸು ಎನ್ನುವುದಿಲ್ಲ.
ಏಳು ಜನರೂ ಹೊಳೆಯಲಿ, ಹೊಳೆಯುವುದು ಅವರ ಕೆಲಸ.
ಅಚ್ಚಿಗೆ ಕಳಿಸುವ ಮೊದಲು ಎಂಟನೆಯವನೊಬ್ಬನನ್ನು ಹಾಕು,
ಯಾರೂ ಬಾರದ ಕಡೆಯ ಗೇಟಿಗೆ.
ಎಂದಾದರೂ ಕತ್ತಲು ‘ಬಾ’ ಎಂದಾಗ
ಅವನ ಮೇಲಂಗಿ ಬಿಚ್ಚಲು ಬರುವಂತಿರಲಿ, ಗುಂಡಿ ಇಡು.
ಬೆಳಕಿಗೆ ಗುಂಡಿ ಹೊಲಿಯಲಾಗದು ಅಂತೀಯ, ಗೊತ್ತು.
ನೀನಲ್ಲವೇ ಬರೆಯುವವಳು, ಹೊಲಿ.

ಮತ್ತೆ, ನಾಯಿ.
ನಾನೂರು ಹಾಳೆಯಲ್ಲಿ ಒಂದೂ ನಾಯಿಯಿಲ್ಲವಲ್ಲೇ, ಕರ್ಲಿಗಾಶ್,
ಹಾಗಾದರೆ ಗೇಟು ಕಾಯುವವರು ಯಾರು?